ಕಿಟಕಿ ಡ್ಯೂಟಿ

ಮೇ 10, ಶುಕ್ರವಾರ

ಹೋಟೆಲಿನಲ್ಲಿ ಶಿಫ್ಟ್ ಮುಗಿಸಿ ಹೊರಡುವ ಮೊದಲು ಮುಂದಿನವನಿಗೆ ಹ್ಯಾಂಡ್‌ಓವರ್ ಬರೆದಿಡುವುದು ನನ್ನ ಕೆಲಸದ ಪದ್ಧತಿ. ಏನು ಆಯಿತು, ಏನು ಬಾಕಿ, ಅಷ್ಟೇ. ಇವತ್ತಿನಿಂದ ಮನೆಯ ವಿಷಯವನ್ನೂ ಹಾಗೆಯೇ ಬರೆಯುತ್ತೇನೆ. ಮನೆಯ ಮಾತು ಕೊಂಕಣಿ, ಹೋಟೆಲಿನದು ಇಂಗ್ಲಿಷ್ ಮತ್ತು ಹಿಂದಿ, ಬರೆಯಲು ಮಾತ್ರ ನಮ್ಮೂರು ಶಿರ್ವದ ಶಾಲೆಯ ಕನ್ನಡವೇ ಕೈಗೆ ಬರುತ್ತದೆ. ಓದುವವರು ಯಾರೂ ಇಲ್ಲ, ಹಾಗಾಗಿ ಮರ್ಯಾದೆಯ ಪ್ರಶ್ನೆಯೂ ಇಲ್ಲ.

ಆದದ್ದು: ನಿನ್ನೆ ಹೆಂಡತಿ ಅಪೊಲೊನಿಯಾಳನ್ನು ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವಳ ತಾಯಿಗೆ ಇದ್ದ ಕಾಯಿಲೆಯೇ ಇವಳಿಗೂ. ಎರಡೂ ಬದಿಯಿಂದ ಕತ್ತಲೆ ಒಳಗೆ ಬರುತ್ತಾ ಇದೆ. ಈಗ ಅವಳು ನೋಡುವುದು ಒಂದು ಕೊಳವೆಯೊಳಗಿಂದ ನೋಡಿದ ಹಾಗೆ. ಆ ಕೊಳವೆ ಸಣ್ಣದಾಗುತ್ತಲೇ ಹೋಗುತ್ತದೆ, ಮದ್ದಿಲ್ಲ. ಡಾಕ್ಟರಮ್ಮ ಒಳ್ಳೆಯ ಹೆಂಗಸು. ನೋಡಬೇಕೆಂಬ ಆಸೆ ಏನಾದರೂ ಇದ್ದರೆ ತಡ ಮಾಡಬೇಡಿ ಎಂದು ಮೆತ್ತಗೆ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವಳು, ಅಂಗಡಿಯಲ್ಲಿ ಉಪ್ಪು ಕೇಳುವಷ್ಟು ಸಲೀಸಾಗಿ, “ವೆನಿಸ್” ಎಂದಳು.

ವೆನಿಸ್! ಮೂವತ್ತು ವರ್ಷದ ಗಲ್ಫ್ ಜೀವನದಲ್ಲಿ ನಮಗೆ ರಜೆ ಎಂದರೆ ಊರು. ಮನೆಗೆ ಮಾಡು ಹಾಕಿಸಲು, ಮದುವೆಗೆ, ಮರಣಕ್ಕೆ. ನೋಡುವುದಕ್ಕೆಂದೇ ಒಂದು ಊರಿಗೆ ಹೋಗಬಹುದು ಎಂಬ ವಿಷಯ ನನ್ನ ತಲೆಗೆ ಹೊಳೆದದ್ದೇ ಇಲ್ಲ.

ಟ್ಯಾಕ್ಸಿಯಲ್ಲಿ ಯಾಕೆಂದು ಕೇಳಿದೆ. “ನಮ್ಮ ಇಗರ್ಜಿಯಲ್ಲಿ ಕಣ್ಣು ಕಾಯುವ ಸಂತ ಲೂಸಿಯ ಪ್ರತಿಮೆ ಇತ್ತಲ್ಲ, ತಟ್ಟೆಯಲ್ಲಿ ಎರಡು ಕಣ್ಣು ಇಟ್ಕೊಂಡು ನಿಂತದ್ದು? ಅವಳ ದೇಹ ಇರುದು ವೆನಿಸಿನಲ್ಲಿ. ರೈಲ್ವೆ ಸ್ಟೇಷನಿಗೂ ಅವಳದ್ದೇ ಹೆಸರು.”

“ಕಣ್ಣು ಕೇಳ್ಲಿಕ್ಕಾ?”

“ಕೇಳ್ಲಿಕ್ಕೆ ಅಲ್ಲ ಮಾರಾಯ. ಸಣ್ಣದಿರುವಾಗ ಅವಳನ್ನು ಕಂಡ್ರೆ ನಂಗೆ ಹೆದರಿಕೆ. ಒಮ್ಮೆ ಎದುರು ಹೋಗಿ ನಿಲ್ಬೇಕು, ನನ್ನ ಕಣ್ಣು ಇರುವಾಗಲೇ.”

ಏಪ್ರಿಲಿನಲ್ಲಿ ದುಬೈಯನ್ನೇ ಮುಳುಗಿಸಿದ ಆ ಮಳೆಗೆ ಡಿಸ್ಕವರಿ ಗಾರ್ಡನ್ಸಿನ ನಮ್ಮ ಬಿಲ್ಡಿಂಗಿನ ಸುತ್ತ ಸೊಂಟದವರೆಗೆ ನೀರು ನಿಂತಾಗ ಇವಳು ಬಾಲ್ಕನಿಯಲ್ಲಿ ನಿಂತು, “ನೋಡು, ವೆನಿಸೇ ನಮ್ಮಲ್ಲಿಗೆ ಬಂತು” ಎಂದಿದ್ದಳು. ಕೆಳಗೆ ಜನರ ಕಾರು ಮುಳುಗುತ್ತಿದ್ದಾಗ ಇದೆಂಥ ತಮಾಷೆ ಎಂದು ನಾನು ಬೈದಿದ್ದೆ.

ಬಾಕಿ: ರಜೆಯ ಅರ್ಜಿ. ವೀಸಾ. ಇಟಲಿ ಎಲ್ಲಿ ಸುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ನೋಡುವುದು.

ಮೇ 15, ಬುಧವಾರ

ಅಬ್ಬ ದೇವರೇ, ಎಂಥಾ ರೈಲು! ರೋಮಿನಲ್ಲಿ ಚಹಾ ಕುಡಿದು ಹೊರಟವನಿಗೆ ಹಸಿವಾಗುವ ಮೊದಲೇ ಫ್ಲಾರೆನ್ಸ್ ಬರುತ್ತದೆ. ಬುಲೆಟಿನ ಹಾಗೆ ಮೂತಿ, ಕೆಂಪು ಬಣ್ಣ. ಆಫೀಸಿನ ಕಂಪ್ಯೂಟರಿನಲ್ಲಿ ನೋಡುತ್ತಾ ಊಟ ಮರೆತೆ.

ಪೀಸಾದಲ್ಲಿ ಗೋಪುರ ಓರೆ. ನಮ್ಮಲ್ಲಿ ಒಂದು ಬಾಗಿಲು ಓರೆಯಾದರೆ ಗೆಸ್ಟ್‌ಗಳು ತಲೆ ತಿನ್ನುತ್ತಾರೆ, ಅಲ್ಲಿ ಅದನ್ನು ನೋಡಲು ಜನ ಕ್ಯೂ ನಿಲ್ಲುತ್ತಾರೆ. ರೋಮಿನಲ್ಲಿ ಪೋಪರ ಪ್ರಾರ್ಥನಾಲಯದ ಚಾವಣಿಯನ್ನು ಒಬ್ಬ ಮನುಷ್ಯ ನಾಲ್ಕು ವರ್ಷ ಕತ್ತು ಹಿಂದೆ ಬಾಗಿಸಿ ಚಿತ್ರಿಸಿದನಂತೆ. ನಾನೂ ಕುರ್ಚಿಯಲ್ಲಿ ಕತ್ತು ಬಾಗಿಸಿ ನೋಡಿದೆ, ಒಂದು ನಿಮಿಷಕ್ಕೆ ನೋವು ಹಿಡಿಯಿತು. ಅವನನ್ನು ನೆನೆದು ಮೈ ಜುಮ್ಮೆಂದಿತು. ಅಷ್ಟು ದೂರ ಹೋಗಿ ಬರೇ ವೆನಿಸ್ ನೋಡಿ ಬರುವುದು ಮೂರ್ಖತನ. ಕೊಳವೆ ಮುಚ್ಚುವ ಮೊದಲು ಎಲ್ಲವನ್ನೂ ಅವಳಿಗೆ ತೋರಿಸಿಬಿಡಬೇಕು.

ಹೌಸ್‌ಕೀಪಿಂಗಿನ ರೋಸ್ಟರ್ ಮಾಡುವವನು ನಾನು. ಯಾರು ಯಾವ ಮಹಡಿ, ಯಾವ ಹೊತ್ತು ಎಂಬುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಹಾಗೆಯೇ ಇಟಲಿಗೂ ಒಂದು ರೋಸ್ಟರ್ ಮಾಡಿ ಫ್ರಿಜ್ಜಿಗೆ ಅಂಟಿಸಿದೆ. ರೋಮ್, ಫ್ಲಾರೆನ್ಸ್, ಪೀಸಾ, ಮಿಲಾನ್, ವೆರೋನಾ, ಪಾದುವಾ, ವೆನಿಸ್. ಬೆಳಿಗ್ಗೆ ಒಂದು ಶಿಫ್ಟ್, ಮಧ್ಯಾಹ್ನ ಒಂದು ಶಿಫ್ಟ್.

ಅಪೊಲೊನಿಯಾ ಹತ್ತಿರ ಹೋಗಿ, ಮೂಗು ತಾಗಿಸುವಷ್ಟು ಹತ್ತಿರ, ಸಾಲು ಸಾಲಾಗಿ ಓದಿದಳು. “ಫಿಡೆಲಿಸ್, ಇದ್ರಲ್ಲಿ ನಂಗೆ ಬ್ರೇಕ್ ಎಲ್ಲಿ ಉಂಟು? ಬಾತ್‌ರೂಮಿಗೆ ಹೋಗ್ಲಿಕ್ಕಾದ್ರೂ ಬಿಡ್ತಿಯಾ?”

“ರೈಲಿನಲ್ಲಿ ಉಂಟು,” ಎಂದೆ.

ಅವಳು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ.

ಬಾಕಿ: ಗಟ್ಟಿ ಶೂ, ಇಬ್ಬರಿಗೂ.

ಮೇ 31, ಶುಕ್ರವಾರ

ವಾರದ ರಜೆ. ಜೆಬೆಲ್ ಅಲಿಯ ಚರ್ಚಿನಲ್ಲಿ ಪೂಜೆಗೆ ಹೋದೆವು. ಪರಸ್ಪರ ಶಾಂತಿ ಹೇಳುವ ಹೊತ್ತಿಗೆ ಪಕ್ಕದ ಹೆಂಗಸು ಕೈ ಚಾಚಿದಳು. ಅಪೊಲೊನಿಯಾ ನೇರ ನೋಡುತ್ತಾ ನಿಂತಿದ್ದಳು. ಬದಿಯಿಂದ ಬಂದ ಕೈ ಅವಳಿಗೆ ಕಾಣುವುದಿಲ್ಲ. ಆ ಹೆಂಗಸು ಮುಖ ಸಿಂಡರಿಸಿ ಕೈ ಹಿಂದೆ ತೆಗೆದಳು. ನನಗೆ ಮೈಯೆಲ್ಲ ಉರಿಯಿತು. ನಾನೇ ಬಾಗಿ ಆ ಕೈ ಹಿಡಿದು, ಅವಳು ಅಯ್ಯೋ ಅನ್ನುವಷ್ಟು ಗಟ್ಟಿ ಕುಲುಕಿ, “ಶಾಂತಿ” ಎಂದೆ.

ಮಧ್ಯಾಹ್ನ ಮಗಳು ಟೀನಾ ಅಬುಧಾಬಿಯಿಂದ ಬಂದಳು. ಖಲೀಫಾ ಸಿಟಿಯ ಶಾಲೆಯೊಂದರಲ್ಲಿ ಟೀಚರ್, ಹಾಗಾಗಿ ನಾವೆಲ್ಲರೂ ಅವಳ ವಿದ್ಯಾರ್ಥಿಗಳು. ರೋಸ್ಟರ್ ನೋಡಿದವಳೇ, “ಡ್ಯಾಡಿ, ದಿಸ್ ಈಸ್ ನಾಟ್ ಎ ಹಾಲಿಡೇ. ಮಮ್ಮಿ ನಿಮ್ಮ ಸ್ಟಾಫ್ ಅಲ್ಲ” ಎಂದಳು.

“ನೀನು ಸುಮ್ಮನಿರು. ಆಮೇಲೆ ಅವಳಿಗೆ ಕಾಣುದಿಲ್ಲ, ಗೊತ್ತುಂಟಾ ನಿಂಗೆ?”

“ಐ ನೋ. ಡೂ ಯೂ?”

ಪಾರಿವಾಳ ಓಡಿಸುವ ನೆವದಲ್ಲಿ ಬಾಲ್ಕನಿಗೆ ಹೋದೆ. ಎಲ್ಲ ಏರ್ಪಾಡು ಮಾಡುತ್ತಿರುವವನು ನಾನು. ನನಗೆ ಗೊತ್ತಿಲ್ಲದೆ ಮತ್ತೆ ಯಾರಿಗೆ ಗೊತ್ತು?

ಬಾಕಿ: ವೀಸಾ ಅಪಾಯಿಂಟ್‌ಮೆಂಟ್.

ಜೂನ್ 6, ಗುರುವಾರ

ಅಪಾಯಿಂಟ್‌ಮೆಂಟ್ ಮಾಫಿ. ಮಾಫಿ ಎಂದರೆ ಇಲ್ಲಿನ ಅರಬಿಯಲ್ಲಿ ‘ಇಲ್ಲ’. ಜೂನ್ ಮಾಫಿ, ಜುಲೈ ಮಾಫಿ. ಆಗಸ್ಟಿನ ಕೊನೆಗೆ ಒಂದು ಸಿಕ್ಕಿತು. ಪ್ರಯಾಣ ಅಕ್ಟೋಬರಿಗೆ ಹೋಯಿತು. ವೀಸಾ ಆಫೀಸು ಕಾಯಬಹುದು, ಕೊಳವೆ ಕಾಯುತ್ತದೆಯೇ?

ಇವತ್ತು ಅವಳು ಚಹಾ ಲೋಟದ ಹೊರಗೆ ಸುರಿದಳು. ಲೋಟ ಸರಿಸಿದ್ದು ನಾನೇ. ಬೈದದ್ದು ಅವಳಿಗೆ.

ಬಾಕಿ: ಎಲ್ಲವೂ.

ಜೂನ್ 14, ಶುಕ್ರವಾರ

ಬರ್ ದುಬೈಗೆ, ಝಿಯಾಉದ್ದೀನನ ಬಟ್ಟೆ ಅಂಗಡಿಗೆ. ಭಟ್ಕಳದವನು. ಮೊದಲು ಬಂದ ಕಾಲದಲ್ಲಿ ನಾವಿಬ್ಬರೂ ಒಂದೇ ರೂಮಿನಲ್ಲಿ ಎರಡು ಅಂತಸ್ತಿನ ಮಂಚದ ಮೇಲೆ ಕೆಳಗೆ ಮಲಗುತ್ತಿದ್ದೆವು. ಅಪೊಲೊನಿಯಾ ನಮ್ಮವರ ಮದುಮಗಳಂದಿರಿಗೆ ಗೌನ್ ಹೊಲಿಯುತ್ತಿದ್ದಾಗ ಬಟ್ಟೆಯೆಲ್ಲ ಇವನಲ್ಲಿಂದಲೇ. ಈಗ ಅವಳು ಹೊಲಿಯುವುದಿಲ್ಲ. ಈದ್ ಹತ್ತಿರ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಆದರೂ ಸ್ಟೂಲ್ ಹಾಕಿಸಿ ಸುಲೈಮಾನಿ ಚಹಾ ತರಿಸಿದ.

ಅಪೊಲೊನಿಯಾ ಒಂದು ಥಾನಿನ ಮೇಲೆ ಕೈಯಾಡಿಸಿ, “ಇದು ಹೊಸತು. ಎಲ್ಲಿದು?” ಎಂದಳು.

“ಇಟಲಿದೇ ಭಾಬಿ. ನಾನೇ ಮಿಲಾನಿಗೆ ಹೋಗಿ ತಂದದ್ದು.”

“ಮಿಲಾನ್ ಹೇಗುಂಟು? ಸ್ಟೇಷನ್ ಹೇಗುಂಟು?”

ಝಿಯಾ ಗಿರಾಕಿಗಳನ್ನು ಬಿಟ್ಟು ಕೂತ. “ಒಳಗೆ ಹೋದ ಕೂಡ್ಲೇ ಮೇಲೆ ನೋಡ್ಬೇಕು ಭಾಬಿ. ಕಬ್ಬಿಣದ ಕಮಾನು, ಅದಕ್ಕೆ ಗಾಜು. ಸಂಜೆ ಬಿಸಿಲು ಒಳಗೆ ಬೀಳುವಾಗ ನಿಂತವರ ಮುಖ ಎಲ್ಲ ಈ ಬಣ್ಣ ಆಗ್ತದೆ” ಎಂದು ಜೇನಿನ ಬಣ್ಣದ ರೇಷ್ಮೆ ಎತ್ತಿ ಹಿಡಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಮುಖ ಅರಳಿತ್ತು. ನನಗೆ ಹೊಟ್ಟೆಕಿಚ್ಚು ಬಂತು. ಬಂದದ್ದನ್ನು ಬರೆಯಬೇಕಲ್ಲ, ಬಂತು.

ವಾಪಸ್ ಹೊರಡುವ ಮೊದಲು, ಸುಮ್ಮನೆ ಒಮ್ಮೆ ಕ್ರೀಕ್ ದಾಟಿ ಬರಲು ಅಬ್ರಾ ದೋಣಿ ಹತ್ತಿದೆವು. “ಆ ಬದಿಯಲ್ಲಿ ಎಂತ ಉಂಟು?” ಎಂದು ಕೇಳಿದಳು.

“ಬಿಲ್ಡಿಂಗ್.”

“ಎಂತ ಬಿಲ್ಡಿಂಗ್?”

“ಒಳ್ಳೆ ಬಿಲ್ಡಿಂಗ್.”

“ನೀರು ಹೇಗುಂಟು?”

“ನೀರಿನ ಹಾಗೆ ಉಂಟು.”

“ಜೇಸು ಮರಿ! ಇಂಥ ಗೈಡನ್ನು ಕಟ್ಟಿಕೊಂಡು ನಾನು ಇಟಲಿಗೆ ಹೋಗುದಾ? ಬದಿಯಲ್ಲಿ ಇರುದೆಲ್ಲ ನೀನೇ ಹೇಳ್ಬೇಕಲ್ಲ ನಂಗೆ. ನಿನ್ನ ರೋಸ್ಟರಿನಲ್ಲಿ ನಿಂಗೆ ಎಂತ ಡ್ಯೂಟಿ ಉಂಟು?”

ನೆನಪು ಮಾಡಿಕೊಂಡೆ. ನನ್ನ ಹೆಸರನ್ನೇ ನಾನು ಹಾಕಿರಲಿಲ್ಲ.

“ಬರಿ,” ಎಂದಳು. “ಫಿಡೆಲಿಸ್, ಕಿಟಕಿ ಡ್ಯೂಟಿ. ಟ್ರೈನಿಂಗ್ ಮೆಟ್ರೋದಲ್ಲಿ, ಶುಕ್ರವಾರ ಶುಕ್ರವಾರ.”

ಜೂನ್ 28, ಶುಕ್ರವಾರ

ಮೊದಲನೆಯ ಟ್ರೈನಿಂಗ್. ಪೂಜೆ ಮುಗಿಸಿ ನಮ್ಮ ಸ್ಟೇಷನಿನಿಂದ ಬುರ್ಜುಮಾನ್ ತನಕ, ಅಲ್ಲಿಂದ ಹಿಂದೆ. ಹೊರಗೆ ಬೆಂಕಿ, ಒಳಗೆ ಎ.ಸಿ. ಅವಳು ಕಣ್ಣು ಮುಚ್ಚಿ ಕೂತಳು. ನಾನು ಸುರು ಮಾಡಿದೆ. ಬಿಲ್ಡಿಂಗ್. ಇನ್ನೊಂದು ಬಿಲ್ಡಿಂಗ್. ರೋಡ್. ಕಾರು. ಬಹಳ ಕಾರು. ಬಿಲ್ಡಿಂಗ್.

“ಎಂತ ಬಣ್ಣ?”

“ಗಾಜಿನ ಬಣ್ಣ.”

ಸ್ವಲ್ಪ ಹೊತ್ತಿಗೆ ಅವಳಿಗೆ ನಿಜವಾಗಿಯೇ ನಿದ್ರೆ ಬಂತು. ಬುರ್ಜುಮಾನಿನಲ್ಲಿ ಎದ್ದು, “ಇಟಲಿ ಮುಗೀತಾ?” ಎಂದಳು.

ನನಗೆ ಸಿಟ್ಟು ಬಂತು. ಬಿಳಿ ಬೆಡ್‌ಶೀಟಿನ ಮೇಲೆ ಒಂದು ಕೂದಲು ಬಿದ್ದಿದ್ದರೆ ಬಾಗಿಲಲ್ಲಿ ನಿಂತೇ ಹೇಳುವವನು ನಾನು. ನನ್ನ ಕಣ್ಣಿನ ಬಗ್ಗೆ ಯಾರೂ ಮಾತಾಡಬೇಕಾಗಿಲ್ಲ ಎಂದೆ.

“ರೂಮ್ ಹೇಗೆ ಚೆಕ್ ಮಾಡ್ತೀ?”

“ಬಾಗಿಲಲ್ಲಿ ನಿಂತು ಎಡಗಡೆಯಿಂದ. ಮೇಲಿನಿಂದ ಕೆಳಗೆ. ಒಂದೂ ಬಿಡ್ಲಿಕ್ಕಿಲ್ಲ.”

“ಮತ್ತೆಂತ? ಹಾಗೇ ಮಾಡು. ಎಡಗಡೆಯಿಂದ ಸುರು ಮಾಡು.”

ಜುಲೈ 12, ಶುಕ್ರವಾರ

ಎಡಗಡೆಯಿಂದ, ಮೇಲಿನಿಂದ ಕೆಳಗೆ. ಆಕಾಶ, ಬೂದಿ ತಿಕ್ಕಿದ ಪಾತ್ರೆಯ ಹಾಗೆ. ಅದರ ಕೆಳಗೆ ನಮ್ಮ ಬಿಲ್ಡಿಂಗುಗಳು, ಹಳೆಯ ಹಲಸಿನ ತೊಳೆಯ ಬಣ್ಣ. “ಹಾಂ, ಈಗ ಕಂಡಿತು” ಎಂದಳು. ಮೂರನೆಯ ಬಾಲ್ಕನಿಯಲ್ಲಿ ಹಸಿರು ಲುಂಗಿ. ಒಂದು ಡಿಶ್ ಆಂಟೆನಾದೊಳಗೆ ಪಾರಿವಾಳದ ಗೂಡು, ಮರಿ ಕೂಡ ಇದೆ. ರೋಡಿನ ಬದಿಯಲ್ಲಿ ಕಿತ್ತಳೆ ಅಂಗಿಯವರು ಮರದ ನೆರಳಿನಲ್ಲಿ ಮಲಗಿದ್ದಾರೆ. ನೆರಳು ಎಷ್ಟಿದೆಯೋ ಅಷ್ಟಕ್ಕೇ ಮೈ ಮಡಚಿ ಮಲಗಿದ್ದಾರೆ. ಅದನ್ನು ಹೇಳುವಾಗ ನನ್ನ ಸ್ವರ ಸ್ವಲ್ಪ ಬಿದ್ದುಹೋಯಿತು. ಯಾಕೋ ಗೊತ್ತಿಲ್ಲ, ಎ.ಸಿ. ಜಾಸ್ತಿ ಇತ್ತು.

ಇದೊಂದು ದೊಡ್ಡ ಕಿರಿಕಿರಿಯ ಕೆಲಸ. ಒಂದು ಸ್ಟೇಷನ್ ಹೇಳಿ ಮುಗಿಸುವುದರೊಳಗೆ ಇನ್ನೊಂದು ಬಂದುಬಿಡುತ್ತದೆ.

ಆಗಸ್ಟ್ 8, ಗುರುವಾರ

ನನ್ನಂಥ ಗಾಂಪ ಈ ದುಬೈಯಲ್ಲಿ ಇನ್ನೊಬ್ಬನಿಲ್ಲ.

ಪೋಪರ ಮ್ಯೂಸಿಯಮ್ಮಿನ ಟಿಕೆಟ್ ನಿನ್ನೆಯಿಂದ ಸಿಗಬೇಕಿತ್ತು. ಅದರೊಳಗಿನ ಆ ಚಾವಣಿಗಾಗಿ ಮೇ ತಿಂಗಳಿನಿಂದ ಕಾದಿದ್ದೇನೆ. ವೆಬ್‌ಸೈಟಿನಲ್ಲಿ ನಮ್ಮ ದಿನವನ್ನು ಎಷ್ಟು ಒತ್ತಿದರೂ ಆಗುತ್ತಿಲ್ಲ. ಹಾಳಾಗಿರಬೇಕೆಂದು ಟೀನಾಳಿಗೆ ಫೋನ್ ಮಾಡಿದೆ.

“ಡ್ಯಾಡಿ, ಇಟ್ಸ್ ಎ ಸಂಡೇ.”

“ಸಂಡೇ ಆದ್ರೆ ಎಂತ? ವರ್ಕಿಂಗ್ ಡೇ ಅಲ್ವಾ?”

“ಡ್ಯಾಡಿ... ಇಟಲಿಯಲ್ಲಿ ಭಾನುವಾರ ಭಾನುವಾರವೇ. ಇಟ್ಸ್ ಕ್ಲೋಸ್ಡ್.”

ಇಷ್ಟು ವರ್ಷ ಇಲ್ಲಿ ನಮ್ಮ ಭಾನುವಾರದ ಪೂಜೆ ನಡೆದದ್ದೇ ಶುಕ್ರವಾರ. ಈಚೆಗೆ ದೇಶದ ರಜೆ ಶನಿವಾರ ಭಾನುವಾರಕ್ಕೆ ಹೋದ ಮೇಲೂ ನನ್ನ ರಜೆ ಶುಕ್ರವಾರವೇ ಉಳಿಯಿತು. ಭಾನುವಾರ ಎಂದರೆ ನನ್ನ ತಲೆಯಲ್ಲಿ ಡ್ಯೂಟಿ ಸುರುವಾಗುವ ದಿನ, ಎಲ್ಲ ಬಾಗಿಲೂ ತೆರೆದಿರುವ ದಿನ. ಹುಟ್ಟಿದ ಮೂರನೇ ದಿನಕ್ಕೆ ಜ್ಞಾನಸ್ನಾನ ಆದ ನಾನು, ಪೋಪರ ಊರಿಗೆ ಹೋಗುವ ರೋಸ್ಟರಿನಲ್ಲಿ ಭಾನುವಾರವನ್ನೇ ಮರೆತೆ. ಶನಿವಾರ ಸಂಜೆ ರೋಮಿಗೆ ತಲುಪುವುದು, ಸೋಮವಾರ ಬೆಳಿಗ್ಗೆ ರೈಲು. ವಿಮಾನವೂ ರೈಲೂ ಬದಲಿಸಲಿಕ್ಕಾಗದ ಟಿಕೆಟ್. ಚಾವಣಿ ಹೋಯಿತು.

ಅವಳಿಗೆ ಹೇಗೆ ಹೇಳುವುದೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಹೇಳಿದೆ. ಅವಳು ಕೊತ್ತಂಬರಿ ಬಿಡಿಸುತ್ತಿದ್ದಳು.

“ಖಲಾಸ್, ಬಿಡು,” ಎಂದಳು. “ಆ ಚಾವಣಿ ಅಷ್ಟು ದೊಡ್ಡದು, ನಂಗೆ ಕಾಣುದು ಒಂದು ಚಹಾದ ತಟ್ಟೆಯಷ್ಟು. ತಟ್ಟೆ ತಟ್ಟೆ ಮಾಡಿ ನೋಡಿದ್ರೆ ನಂಗೂ ನಾಲ್ಕು ವರ್ಷ ಬೇಕು.”

ನಾನು ಅಲ್ಲೇ ಕೂತುಬಿಟ್ಟೆ. ಮೂರು ತಿಂಗಳಿಂದ ಏಳು ಊರನ್ನು ಅವಳ ಮುಂದೆ ಪೇರಿಸಿದ್ದೇನೆ, ಅವಳಿಗೆ ಕಾಣುವುದು ಎಷ್ಟು ಎಂದು ಒಮ್ಮೆಯೂ ಕೇಳಿರಲಿಲ್ಲ. “ನಿಂಗೆ ಎಂತ ಬೇಕು ಮಾರಾಯ್ತಿ?” ಎಂದೆ.

“ಕಿಟಕಿ ಬೇಕು. ರೈಲಿನಲ್ಲಿ ನೀನು ಹೇಳ್ತಾ ಇರ್ಬೇಕು, ನಾನು ಕೇಳ್ತಾ ಇರ್ಬೇಕು. ಕೊನೆಗೆ ಲೂಸಿಯ ಹತ್ತಿರ ಇಳೀಬೇಕು. ಮತ್ತೆಲ್ಲ ನಿನ್ನ ಇಷ್ಟ.”

ಪೀಸಾ, ಮಿಲಾನ್, ವೆರೋನಾ ಹೊಡೆದು ಹಾಕಿದೆ. ಪಾದುವಾದ ಸಂತ ಅಂತೋನಿಗೆ ರೈಲಿನಿಂದಲೇ ಕೈ ಮುಗಿಯುವುದು.

ಆಗಸ್ಟ್ 28, ಬುಧವಾರ

ವೀಸಾ ಸೆಂಟರ್. ಬೆರಳಚ್ಚು ಕೊಡುವ ಗಾಜು ಅವಳಿಗೆ ಸಿಗಲಿಲ್ಲ. ನಾನು ಕೈ ಹಿಡಿದು ಇಟ್ಟೆ. ಕೌಂಟರಿನ ಹುಡುಗಿ ಎಲ್ಲರಲ್ಲೂ ಕೇಳುವ ಹಾಗೆ, ಪ್ರಯಾಣದ ಉದ್ದೇಶ ಏನೆಂದು ಕೇಳಿದಳು. “ಸೈಟ್‌ಸೀಯಿಂಗ್” ಎಂದಳು ನನ್ನ ಹೆಂಡತಿ, ತಲೆ ಎತ್ತಿ. ಆ ಹುಡುಗಿ ನನ್ನನ್ನು ನೋಡಿದಳು. ನಾನೂ ತಲೆ ಎತ್ತಿ ನಿಂತೆ.

ಸೆಪ್ಟೆಂಬರ್ 12, ಗುರುವಾರ

ಡಾಕ್ಟರಲ್ಲಿಗೆ. ಕೊಳವೆ ಸಣ್ಣದಾದದ್ದು ಮಾತ್ರವಲ್ಲ, ಉಳಿದಷ್ಟರಲ್ಲೂ ಈಗ ಮಂಜು. ಮುಖ ಎಂದು ಗೊತ್ತಾಗುತ್ತದೆ, ಯಾರ ಮುಖ ಎಂದು ಸ್ವರ ಕೇಳಿದ ಮೇಲೆ. ಇಷ್ಟು ಬೇಗ ಆಗುತ್ತದೆಂದು ಡಾಕ್ಟರಮ್ಮನೂ ಎಣಿಸಿರಲಿಲ್ಲ. ಅಕ್ಟೋಬರಿನಲ್ಲಿ ಏನು ಕಾಣಬಹುದು ಎಂದು ಕೇಳಿದೆ. ಬೆಳಕು ಕಾಣುತ್ತದೆ ಎಂದರು. ವೀಸಾಕ್ಕೆ ಕೊಟ್ಟ ಪಾಸ್‌ಪೋರ್ಟ್ ಇನ್ನೂ ಬಂದಿಲ್ಲ.

ಮಧ್ಯಾಹ್ನ ಡ್ಯೂಟಿಗೆ ಹೋಗಿ, ಲಿನನ್ ರೂಮಿನಲ್ಲಿ ಟವೆಲಿನ ರಾಶಿಗೆ ಮುಖ ಒತ್ತಿ ಅತ್ತೆ. ತಾಯಿ ಸತ್ತಾಗಲೂ ಹಾಗೆ ಅತ್ತದ್ದಿಲ್ಲ.

ಮನೆಗೆ ಬಂದಾಗ ಅವಳು, “ನಿನ್ನ ಮುಖ ಈಗ ಹೇಗುಂಟು? ಹೇಳು ನೋಡುವ” ಎಂದಳು.

ಕನ್ನಡಿ ಮುಂದೆ ನಿಂತೆ. “ಎಡಗಡೆ ಕಿವಿ. ಕಿವಿಯಲ್ಲಿ ಕೂದಲು.”

“ಅದು ಮದುವೆ ದಿನವೂ ಇತ್ತು. ಮುಂದೆ?”

“ಕೆನ್ನೆ. ಸ್ವಲ್ಪ ಜೋತು ಬಿದ್ದಿದೆ. ಕಣ್ಣು, ಕೆಂಪು.”

“ಯಾಕೆ ಕೆಂಪು?”

“ಲಿನನ್ ರೂಮಿನಲ್ಲಿ ಧೂಳು,” ಎಂದೆ. ಅವಳು ಹತ್ತಿರ ಬಂದು ಹೆಬ್ಬೆರಳಿನಿಂದ ನನ್ನ ಕಣ್ಣಿನ ಕೆಳಗೆ ಒರೆಸಿದಳು.

ಸೆಪ್ಟೆಂಬರ್ 20, ಶುಕ್ರವಾರ

ಇವತ್ತು ಹೋಗುವುದು ಬೇಡ ಎಂದುಕೊಂಡಿದ್ದೆ. ಪಾಸ್‌ಪೋರ್ಟೇ ಬಾರದಿದ್ದರೆ ಟ್ರೈನಿಂಗ್ ಯಾಕೆ? ಅವಳು ಚಪ್ಪಲಿ ಹಾಕಿ ಬಾಗಿಲಲ್ಲಿ ನಿಂತಿದ್ದಳು. “ಯಲ್ಲಾ, ಡ್ಯೂಟಿಗೆ ಲೇಟಾಯ್ತು.”

ಸಂಜೆಯ ಮೆಟ್ರೋ. ಬಿಸಿಲು ಸಮುದ್ರದ ಕಡೆಯಿಂದ ಅಡ್ಡ ಬರುತ್ತಿತ್ತು. ದೇವರೇ, ಇದೇ ದುಬೈಯಲ್ಲಾ ನಾನು ಇದ್ದದ್ದು? ಮರೀನಾದ ಗೋಪುರಗಳಲ್ಲಿ ಒಂದು ತಿರುಚಿಕೊಂಡು ನಿಂತಿದೆ, ಒದ್ದೆ ಬಟ್ಟೆ ಹಿಂಡುವಾಗ ತಿರುಚುತ್ತೇವಲ್ಲ, ಹಾಗೆ. ಅದರ ಪಕ್ಕದ್ದಕ್ಕೆ ಅರ್ಧ ಮೈಗೆ ಬಿಸಿಲು, ಅರ್ಧಕ್ಕೆ ನೆರಳು. ಎಲ್ಲೋ ಆಕಾಶದಲ್ಲಿ ಇಬ್ಬರು ಹಗ್ಗದಲ್ಲಿ ಜೋತು ಬಿದ್ದು ಗಾಜು ಒರೆಸುತ್ತಿದ್ದಾರೆ, ಅವರು ಒರೆಸಿದ ಕಡೆ ಮಾತ್ರ ಸೂರ್ಯ ಹೊಳೆಯುತ್ತಾನೆ. ಮುಂದೆ ಲೋಕಕ್ಕೇ ಎತ್ತರದ ಆ ಬುರ್ಜ್. ತುದಿ ನೋಡಲು ತಲೆಯನ್ನು ಕಿಟಕಿಯ ಗಾಜಿಗೆ ಒತ್ತಬೇಕಾಯಿತು. ಕೆಳಗೆಲ್ಲ ಸಂಜೆಯಾಗಿತ್ತು, ತುದಿಯಲ್ಲಿ ಇನ್ನೂ ಮಧ್ಯಾಹ್ನ ಉಳಿದಿತ್ತು. ಆಮೇಲೆ ಹಳೆಯ ಟ್ರೇಡ್ ಸೆಂಟರ್. ನಾನು ಬಂದಾಗ ಊರಿಗೆಲ್ಲ ಅದೇ ಎತ್ತರ, ಈಗ ದೊಡ್ಡ ಮಕ್ಕಳ ನಡುವೆ ನಿಂತ ಅಜ್ಜ. ಎದುರಿನ ಗಾಜಿನ ಗೋಡೆಯಲ್ಲಿ ನಮ್ಮದೇ ರೈಲು ಓಡುತ್ತಿತ್ತು. “ನೋಡು, ಅದರಲ್ಲಿ ನಾವಿಬ್ಬರೂ ಇದ್ದೇವೆ” ಎಂದೆ.

“ನಾವು ಎಂತ ಮಾಡ್ತಿದ್ದೇವೆ?”

“ನಾನು ಮಾತಾಡ್ತಾ ಇದ್ದೇನೆ. ನೀನು ನಗ್ತಾ ಇದ್ದೀ.”

ನಮ್ಮ ಎದುರು ಕೂತಿದ್ದ ಫಿಲಿಪ್ಪೀನಿನ ನರ್ಸಮ್ಮ ಫೋನು ಕೆಳಗಿಟ್ಟು, ನಾನು ಕೈ ತೋರಿಸಿದ ಕಡೆಗೆಲ್ಲ ತಿರುಗಿ ನೋಡುತ್ತಿದ್ದಳು. ಭಾಷೆ ಅವಳಿಗೆ ಒಂದಕ್ಷರ ತಿಳಿಯದು.

ಸೆಪ್ಟೆಂಬರ್ 30, ಸೋಮವಾರ

ಬಂತು! ಇಬ್ಬರದ್ದೂ ವೀಸಾ ಬಂತು! ನಾನು ಕುಣಿದೆ. ಕೆಳಗಿನ ಮನೆಯವರು ಚಾವಣಿಗೆ ಕೋಲಿನಿಂದ ಬಡಿದರು.

ಪ್ಯಾಕಿಂಗ್ ಮುಗಿಸಿದೆ. ಕಿಟಕಿ ಡ್ಯೂಟಿಗೆ ವಿಶ್ ಮಾಡಲೆಂದು ಬಂದ ಝಿಯಾಉದ್ದೀನ್ ಹಾಲ್‌ನಲ್ಲಿದ್ದ ಕಾರ್ಟನ್ ನೋಡಿ ನಿಂತೇ ಬಿಟ್ಟ. ನೈಲಾನ್ ಹಗ್ಗ ಅಡ್ಡಡ್ಡ ಉದ್ದುದ್ದ ಬಿಗಿದು, ಮೇಲೆ ಮಾರ್ಕರಿನಲ್ಲಿ ಹೆಸರು ಬರೆದಿದ್ದೆ.

“ಇದೆಂತ?”

“ಹಾಲಿನ ಪುಡಿ, ಟ್ಯಾಂಗ್, ಬಾದಾಮಿ, ಸೋಪು.”

“ಇಟಲಿಯಲ್ಲಿ ಯಾರಿಗೆ?”

ಯಾರಿಗೂ ಅಲ್ಲ. ಊರಿಗೆ ಹೋಗುವಾಗ ಕಟ್ಟಿ ಕಟ್ಟಿ ಅಭ್ಯಾಸವಾದ ಕೈ ತನ್ನಷ್ಟಕ್ಕೆ ಕಟ್ಟಿಬಿಟ್ಟಿದೆ. ವಿಮಾನ ಹತ್ತುವುದೆಂದರೆ ಕಾರ್ಟನ್ ಕಟ್ಟುವುದು ಎಂದೇ ಅದಕ್ಕೆ ಗೊತ್ತಿರುವುದು. ಅಪೊಲೊನಿಯಾ ಹಗ್ಗ ಮುಟ್ಟಿ ನೋಡಿ ಸೋಫಾದ ಮೇಲೆ ಬಿದ್ದು ನಕ್ಕಳು. ಕಾರ್ಟನ್ ಝಿಯಾ ಹೊತ್ತುಕೊಂಡು ಹೋದ.

ಅಕ್ಟೋಬರ್ 6, ಭಾನುವಾರ, ರೋಮ್

ಊರಿಗೆ ಊರೇ ಗಂಟೆ ಬಾರಿಸುತ್ತಿದೆ. ಭಾನುವಾರದ ಪೂಜೆಯನ್ನು ಭಾನುವಾರವೇ ಕೇಳಿದೆವು. ಆಮೇಲೆ ಆ ಮ್ಯೂಸಿಯಮ್ಮಿನ ಗೋಡೆಯ ಬದಿಯಲ್ಲಿ ನಡೆದೆವು. ಕೋಟೆಯಷ್ಟು ಎತ್ತರದ ಇಟ್ಟಿಗೆ ಗೋಡೆ, ಬಾಗಿಲು ಮುಚ್ಚಿತ್ತು. ಅಪೊಲೊನಿಯಾ ಅಂಗೈ ಒತ್ತಿ, “ಬೆಚ್ಚಗೆ ಉಂಟು” ಎಂದಳು. ನಾನೂ ಒತ್ತಿದೆ. ಇಟ್ಟಿಗೆಯ ಸಂದಿಯಲ್ಲಿ ಒಂದು ಗಿಡ ಬೇರು ಬಿಟ್ಟಿತ್ತು, ಹಳದಿ ಹೂವು ಒಂದೇ ಒಂದು. ಅದನ್ನು ಅವಳಿಗೆ ಹೇಳಿದೆ. ತುಂಬಾ ಹೊತ್ತು ಅಲ್ಲೇ ನಿಂತೆವು. ರೋಸ್ಟರಿನಲ್ಲಿ ಇವತ್ತು ಬೇರೇನೂ ಇರಲಿಲ್ಲ.

ಅಕ್ಟೋಬರ್ 9, ಬುಧವಾರ, ವೆನಿಸ್

ಸಂತ ಲೂಸಿಯ ಎದುರು ನಿಂತು ಬಂದೆವು. ಅವಳ ದೇಹವಿರುವ ಇಗರ್ಜಿ ಸ್ಟೇಷನಿನಿಂದ ನಾಲ್ಕು ಹೆಜ್ಜೆ. ಅಪೊಲೊನಿಯಾ ಗಾಜಿನ ಪೆಟ್ಟಿಗೆಗೆ ಹಣೆ ತಾಗಿಸಿ, “ಬೆಳ್ಳಿಯ ಹಾಗೆ ಎಂತದೋ ಹೊಳೀತದೆ” ಎಂದಳು. ಅದು ಸಂತಳ ಮುಖಕ್ಕೆ ಹಾಕಿದ ಮುಖವಾಡ, ಬೆಳ್ಳಿಯದ್ದೇ ಎಂದೆ. “ಹೆದರಿಕೆ ಆಗುದಿಲ್ಲ,” ಎಂದಳು, “ಪಾಪ, ಎಷ್ಟು ಸಣ್ಣ ಇದ್ದಾಳೆ.” ಏನು ಪ್ರಾರ್ಥನೆ ಮಾಡಿದಳೋ ನಾನು ಕೇಳಲಿಲ್ಲ.

ಆದರೆ ಬರೆಯಬೇಕಾದದ್ದು ಅದಕ್ಕಿಂತ ಮೊದಲಿನದು.

ಬೆಳಿಗ್ಗೆ ಫ್ಲಾರೆನ್ಸಿನಿಂದ ಹೊರಟೆವು. ಕಿಟಕಿ ಸೀಟು ನನಗೆ, ಪಕ್ಕದಲ್ಲಿ ಅವಳು. ಹೊರಟ ಸ್ವಲ್ಪದರಲ್ಲೇ ಸುರಂಗ. ಮುಗಿಯಿತು ಎನ್ನುವಾಗ ಇನ್ನೊಂದು.

“ಈಗ ಎಂತ ಉಂಟು?”

“ಕತ್ತಲೆ.”

“ಅದು ನಂಗೆ ಗೊತ್ತುಂಟು. ಮುಂದೆ ಹೇಳು.”

ಇಬ್ಬರೂ ನಕ್ಕ ನಗುವಿಗೆ ಎದುರಿನ ಸೀಟಿನ ಅಜ್ಜಿಯೂ ನಕ್ಕಳು. ಸುರಂಗ ಮುಗಿದ ಮೇಲೆ ಬಯಲು. ಕೊಯ್ದ ಜೋಳದ ಗದ್ದೆ, ಸಾಲಾಗಿ ನಿಂತ ತೆಳ್ಳಗಿನ ಮರಗಳು, ಮಂಗಳೂರು ಹಂಚಿನದ್ದೇ ಎನ್ನುವಂಥ ಕೆಂಪು ಮಾಡುಗಳು. ಪಾದುವಾದಲ್ಲಿ ಸಂತ ಅಂತೋನಿಗೆ ಕೂತಲ್ಲಿಂದಲೇ ಶಿಲುಬೆಯ ಗುರುತು ಮಾಡಿದೆವು. ಹೇಳುತ್ತಾ ಹೇಳುತ್ತಾ ನನ್ನ ಗಂಟಲು ಒಣಗಿತ್ತು. ಆದರೂ ಮುಂದಿನದಕ್ಕೆ ಮಾತು ಸಿದ್ಧವಿತ್ತು. ಕ್ರೀಕಿನ ದಡದಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿದ್ದೆ: ನೀರಿನ ಬಣ್ಣ ಮೊದಲು, ಆಮೇಲೆ ದೋಣಿ, ಆಮೇಲೆ ದೂರದ್ದು.

ಕಾರ್ಖಾನೆಗಳು ಬಂದವು, ಹೋದವು. ಆಮೇಲೆ ನೆಲ ಮುಗಿಯಿತು. ರೈಲು ನಿಲ್ಲಲಿಲ್ಲ.

ನೀರಿನ ಮೇಲೆ ಹೋಗುತ್ತಿದ್ದೆವು. ನೀರು, ನೀರಿನ ಮೇಲೆಲ್ಲ ಬೆಳಕು, ಆ ಬೆಳಕಿನ ತುದಿಯಲ್ಲಿ, ಯಾವ ನೆಲದ ಮೇಲೂ ನಿಲ್ಲದೆ, ಒಂದು ಊರು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಇಷ್ಟು ತಿಂಗಳಿನ ಟ್ರೈನಿಂಗ್ ಎಲ್ಲ ಎಲ್ಲಿ ಹೋಯಿತೋ, ಒಂದು ಶಬ್ದ ಬರಲಿಲ್ಲ.

“ಫಿಡೆಲಿಸ್?”

ನಾನು ತಲೆಯಾಡಿಸಿದೆ. ತಲೆಯಾಡಿಸಿದರೆ ಅವಳಿಗೆ ಕಾಣುವುದಿಲ್ಲ ಎಂದು ಆಮೇಲೆ ನೆನಪಾಯಿತು. ಅವಳು ಕೈ ಚಾಚಿ ನನ್ನ ಕೆನ್ನೆ ಹುಡುಕಿದಳು. ಕೆನ್ನೆ ಒದ್ದೆಯಾಗಿತ್ತು. ಕೈಯನ್ನು ಅಲ್ಲೇ ಇಟ್ಟುಕೊಂಡು ಕಿಟಕಿಯ ಕಡೆಗೆ, ಆ ಬೆಳಕಿನ ಕಡೆಗೆ ಮುಖ ತಿರುಗಿಸಿದಳು.

“ಅಯ್ಯೋ ಮಾರಾಯ,” ಎಂದಳು ಮೆಲ್ಲಗೆ, “ಅಷ್ಟು ಚಂದ ಉಂಟಾ?”

“ಉಂಟು,” ಎಂದೆ.

“ಅರ್ಜೆಂಟಿಲ್ಲ. ಎಡಗಡೆಯಿಂದ ಸುರು ಮಾಡು.”

ಮೂಗು ಒರೆಸಿಕೊಂಡು ಎಡಗಡೆಯಿಂದ ಸುರು ಮಾಡಿದೆ.